ನೆಪೋಲಿಯನ್ನನ ಹಳೇ ಟೋಪಿಗೆ ಕೋಟಿಗಟ್ಟಲೆ ಯಾಕೆ ಕೊಡ್ತಾರೆ?

ಟೋಪಿ ಅವನ ಗುರುತಾಗಿತ್ತು, ಅದಕ್ಕೇ. ಉಳಿದ ಅಧಿಕಾರಿಗಳು ಎರಡು ಮೂಲೆಯ ಟೋಪಿಯನ್ನು ಹಿಂದೆ ಮುಂದೆ ಚೂಪು ಬರುವಂತೆ ಹಾಕುತ್ತಿದ್ದರು. ಇವನು ಮಾತ್ರ ಅಡ್ಡಡ್ಡ ಹಾಕುತ್ತಿದ್ದ. ಯುದ್ಧದ ಹೊಗೆಯಲ್ಲೂ ಸೈನಿಕರಿಗೆ ದೂರದಿಂದಲೇ ಗೊತ್ತಾಗಬೇಕಲ್ವಾ! ಜರಿ, ಗರಿ ಏನೂ ಇಲ್ಲದ ಸಾದಾ ಕಪ್ಪು ಟೋಪಿ. ಪ್ಯಾರಿಸ್ಸಿನ ಪುಪಾರ್ ಎಂಬ ಟೋಪಿ ತಯಾರಕನಿಂದ ಮಾಡಿಸುತ್ತಿದ್ದ. ಒಟ್ಟು ಸುಮಾರು 120 ಟೋಪಿ ಬಳಸಿದ್ದ ಅಂತ ಅಂದಾಜು. ಈಗ ಉಳಿದಿರುವುದು 20ರ ಆಸುಪಾಸು, ಅದರಲ್ಲೂ ಜಾಸ್ತಿ ಮ್ಯೂಸಿಯಂಗಳಲ್ಲಿವೆ. ಹರಾಜಿಗೆ ಬರುವುದೇ ಅಪರೂಪ. 2023ರ ನವೆಂಬರ್‌ನಲ್ಲಿ ಫ್ರಾನ್ಸಿನ ಫಾಂಟೆನ್‌ಬ್ಲೋದಲ್ಲಿ ಒಂದು ಟೋಪಿ 19 ಲಕ್ಷ ಯೂರೋಗೂ ಹೆಚ್ಚಿಗೆ ಹೋಯಿತು.

ಆದರೆ ಸುಮ್ನೆ ಹಳೇ ಟೋಪಿ ಅಂದರೆ ಯಾರೂ ಕೊಳ್ಳುವುದಿಲ್ಲ. ಅವನಿಂದ ಯಾರ ಕೈಗೆ ಹೋಯಿತು, ಆಮೇಲೆ ಯಾರ ಮನೆಯಲ್ಲಿತ್ತು ಎಂಬುದಕ್ಕೆ ದಾಖಲೆ ಬೇಕು. ನನ್ನ ಪ್ರಕಾರ ಅರ್ಧ ಬೆಲೆ ಆ ಕಾಗದಗಳದ್ದೇ. ಎಲ್ಲ ವಸ್ತುವೂ ಉಳಿದಿಲ್ಲ ಬಿಡಿ: ವಾಟರ್‌ಲೂ ಸೋಲಿನ ನಂತರ ಸಿಕ್ಕ ಅವನ ಸಾರೋಟು ಲಂಡನ್ನಿನ ಮೇಡಂ ಟುಸ್ಸಾಡ್ಸ್ ಮೇಣದ ಪ್ರತಿಮೆಗಳ ಮ್ಯೂಸಿಯಂನಲ್ಲಿತ್ತು, 1925ರ ಬೆಂಕಿಯಲ್ಲಿ ಸುಟ್ಟುಹೋಯಿತು.