ಮೂರು ಡೋಸ್ ಆದಮೇಲೂ ಮಗುವಿಗೆ ಮಲೇರಿಯಾ ಬಂದರೆ ಲಸಿಕೆ ಕೆಲಸ ಮಾಡಲಿಲ್ಲವೇ?

ನೀವು ಕೀನ್ಯಾದ ಕಿಸುಮುವಿನಿಂದ ಬರೆದಿದ್ದೀರಿ. ಮಗಳಿಗೆ ಮೂರು ಡೋಸ್ ಆಗಿದ್ದರೂ ಕಳೆದ ತಿಂಗಳು ಮಲೇರಿಯಾ ಬಂತು, ಇನ್ನು ನಾಲ್ಕನೆಯದು ಹಾಕಿಸಿ ಏನು ಪ್ರಯೋಜನ ಅಂತ ಕೇಳಿದ್ದೀರಿ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ದಯವಿಟ್ಟು ತಪ್ಪಿಸಬೇಡಿ, ಹಾಕಿಸಿ. ನಾನು ಮಂಗಳೂರಿನಲ್ಲಿ ಮಕ್ಕಳ ವೈದ್ಯೆ. ಮಲೇರಿಯಾ ಜ್ವರದ ಮಕ್ಕಳನ್ನು ನೋಡುತ್ತಲೇ ಇರುತ್ತೇನೆ, ಹಾಗಾಗಿ ನಿಮ್ಮ ಗಾಬರಿ ಅರ್ಥವಾಗುತ್ತದೆ.

ದಡಾರದ ಲಸಿಕೆ ಹಾಕಿಸಿದರೆ ಸಾಮಾನ್ಯವಾಗಿ ದಡಾರ ಬರುವುದೇ ಇಲ್ಲ. ಮಲೇರಿಯಾ ಲಸಿಕೆಯಿಂದಲೂ ನಾವು ಅದನ್ನೇ ನಿರೀಕ್ಷಿಸುತ್ತೇವೆ. ಆದರೆ ದಡಾರದ ವೈರಸ್ ಮೈಗೆ ಹೊಕ್ಕ ಮೇಲೆ ಜ್ವರ ಕಾಣಿಸಲು ಸುಮಾರು ಹತ್ತು ದಿನ ಬೇಕು. ಅಷ್ಟರೊಳಗೆ ಹಳೆಯ ನೆನಪಿಟ್ಟುಕೊಂಡ ಕೋಶಗಳು ಎಚ್ಚೆತ್ತು, ರೋಗಾಣುವನ್ನು ಹಿಡಿಯುವ ಹೊಸ ಪ್ರತಿಕಾಯ (ಆ್ಯಂಟಿಬಾಡಿ) ತಯಾರಿಸುತ್ತವೆ. ಮಲೇರಿಯಾದಲ್ಲಿ ಆ ಪುರುಸೊತ್ತೇ ಸಿಗುವುದಿಲ್ಲ. ಸೊಳ್ಳೆ ಕಚ್ಚುವಾಗ ಚರ್ಮದೊಳಕ್ಕೆ ಬಿಡುವುದು ಹತ್ತಾರು, ಹೆಚ್ಚೆಂದರೆ ಕೆಲವು ನೂರು ಸ್ಪೊರೊಜೊಯಿಟ್‌ಗಳನ್ನು, ಅಂದರೆ ಮಲೇರಿಯಾ ಪರಾವಲಂಬಿಯ ಮೊದಲ ರೂಪವನ್ನು. ಅವು ನಿಮಿಷ, ಗಂಟೆಗಳ ಲೆಕ್ಕದಲ್ಲಿ ಲಿವರ್ ಸೇರಿಕೊಳ್ಳುತ್ತವೆ. ಅಲ್ಲಿ ಸುಮಾರು ಒಂದು ವಾರ ಸದ್ದಿಲ್ಲದೆ ಬೆಳೆದು, ಒಂದೊಂದೂ ಸಾವಿರಾರಾಗಿ ರಕ್ತಕ್ಕೆ ಇಳಿಯುತ್ತವೆ. ಜ್ವರ ಬರುವುದು ಆಮೇಲೆ.

ಈ ಲಸಿಕೆ ಮಗುವಿನ ದೇಹಕ್ಕೆ ಪರಿಚಯಿಸುವುದು ಸ್ಪೊರೊಜೊಯಿಟ್‌ನ ಮೈಮೇಲಿನ ಒಂದೇ ಒಂದು ಪ್ರೋಟೀನಿನ ತುಣುಕನ್ನು. ರಕ್ತಕ್ಕೆ ಇಳಿದ ಪರಾವಲಂಬಿಯ ಹೊದಿಕೆಯೇ ಬೇರೆ, ಅದನ್ನು ಈ ಪ್ರತಿಕಾಯಗಳು ಗುರುತಿಸುವುದಿಲ್ಲ. ಎಂದರೆ, ಕಚ್ಚಿದ ಆ ಗಳಿಗೆಯಲ್ಲೇ ರಕ್ತದಲ್ಲಿ ಸಾಕಷ್ಟು ಪ್ರತಿಕಾಯ ತಯಾರಾಗಿ ಓಡಾಡುತ್ತಿರಬೇಕು. ಒಂದೇ ಒಂದು ಸ್ಪೊರೊಜೊಯಿಟ್ ತಪ್ಪಿಸಿಕೊಂಡು ಲಿವರ್ ಸೇರಿದರೂ ಕಾಯಿಲೆ ಬರಬಹುದು. ನಿಮ್ಮ ಮಗಳಿಗೆ ಆಗಿರುವುದು ಬಹುಶಃ ಇದೇ.

ಅಷ್ಟು ಪ್ರತಿಕಾಯ ಬರಿಸಲು ಕಷ್ಟಪಟ್ಟೇ ಲಸಿಕೆ ತಯಾರಿಸಿದ್ದಾರೆ. ಕಿಸುಮು ಭಾಗದಲ್ಲಿ ಮೊದಲು ಬಂದ ಆರ್‌ಟಿಎಸ್,ಎಸ್ ಲಸಿಕೆಯಲ್ಲಿ ಆ ತುಣುಕನ್ನು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಪ್ರೋಟೀನಿಗೆ ಜೋಡಿಸಿದ್ದಾರೆ. ಜೊತೆಗೆ ಚಿಲಿ ದೇಶದ ಒಂದು ಮರದ ತೊಗಟೆಯಿಂದ ತೆಗೆದ, ನಮ್ಮ ಅಂಟುವಾಳದ ಹಾಗೆ ನೊರೆ ಬರಿಸುವ ಸಪೋನಿನ್ ಇದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್21 ಲಸಿಕೆಯ ಜೊತೆಗೂ ಸಪೋನಿನ್ ಇರುತ್ತದೆ. ಇದು ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ರೋಗದ ವಿರುದ್ಧ ಹೋರಾಡುವ ಟಿ ಕೋಶಗಳನ್ನು ಚುರುಕುಗೊಳಿಸುತ್ತದೆ, ಅವು ಬಿ ಕೋಶಗಳಿಂದ ಪ್ರತಿಕಾಯ ಮಾಡಿಸುತ್ತವೆ. ವಯಸ್ಸೂ ಮುಖ್ಯ. ಆರರಿಂದ ಹನ್ನೆರಡು ವಾರದ ಹಸುಗೂಸುಗಳಲ್ಲಿ ಪ್ರತಿಕಾಯ ಕಡಿಮೆ ಹುಟ್ಟಿತು, ರಕ್ಷಣೆಯೂ ಕಡಿಮೆ ಸಿಕ್ಕಿತು. ಐದು ತಿಂಗಳು ದಾಟಿದ ಮಕ್ಕಳು ಇನ್ನೂ ಚೆನ್ನಾಗಿ ಸ್ಪಂದಿಸಿದರು. ಐದು ತಿಂಗಳ ನಂತರವೇ ಶುರುಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಅದಕ್ಕೇ.

ಈಗ ನಾಲ್ಕನೆಯ ಡೋಸಿನ ವಿಷಯ. ಮೂರನೆಯದರ ನಂತರ ಶಿಖರಕ್ಕೇರಿದ ಪ್ರತಿಕಾಯ ಮೊದಲ ಕೆಲವು ತಿಂಗಳಲ್ಲಿ ಸರಸರನೆ ಇಳಿಯುತ್ತದೆ, ಆಮೇಲೆ ನಿಧಾನವಾಗಿ. ನಾಲ್ಕನೆಯದು ಅದನ್ನು ಮತ್ತೆ ಏರಿಸುತ್ತದೆ. ಆರ್‌ಟಿಎಸ್,ಎಸ್ ಲಸಿಕೆಯ ಬಗ್ಗೆ ಏಳು ಆಫ್ರಿಕನ್ ದೇಶಗಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಐದರಿಂದ ಹದಿನೇಳು ತಿಂಗಳ ವಯಸ್ಸಿನಲ್ಲಿ ಶುರುಮಾಡಿದ ಮಕ್ಕಳನ್ನು ಸುಮಾರು ನಾಲ್ಕು ವರ್ಷ ಗಮನಿಸಿದರು. ನಾಲ್ಕು ಡೋಸ್ ಪಡೆದವರಲ್ಲಿ ಮಲೇರಿಯಾ ಶೇ. 36ರಷ್ಟು ಕಡಿಮೆಯಾಯಿತು, ಮೂರೇ ಪಡೆದವರಲ್ಲಿ ಶೇ. 28. ನನ್ನನ್ನು ತಟ್ಟಿದ ಅಂಕಿ ಬೇರೆ. ಪ್ರಾಣಕ್ಕೆ ಕುತ್ತು ತರುವ ತೀವ್ರ ಮಲೇರಿಯಾ ನಾಲ್ಕು ಡೋಸಿನವರಲ್ಲಿ ಶೇ. 32ರಷ್ಟು ತಗ್ಗಿತು, ಮೂರು ಡೋಸಿನವರಲ್ಲಿ ಇಡೀ ಅವಧಿಗೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಏನೂ ತಗ್ಗಲಿಲ್ಲ.

ನಿಮ್ಮದೇ ದೇಶದ ಕರಾವಳಿಯ ಕಿಲಿಫಿಯಲ್ಲಿ ಮೂರು ಡೋಸ್ ಮಾತ್ರ ಪಡೆದ ಮಕ್ಕಳನ್ನು ಏಳು ವರ್ಷ ಹಿಂಬಾಲಿಸಿದಾಗ, ಸೊಳ್ಳೆ ಕಾಟ ಜಾಸ್ತಿಯಿದ್ದ ಕಡೆ ಐದನೇ ವರ್ಷದಲ್ಲಿ ಲಸಿಕೆ ಪಡೆದವರಿಗೇ ಮಲೇರಿಯಾ ಹೆಚ್ಚು ಬಂದದ್ದೂ ಉಂಟು. ಎಳವೆಯಲ್ಲಿ ಸೋಂಕು ಕಡಿಮೆಯಾದ್ದರಿಂದ ರಕ್ತದ ಹಂತದ ಪರಾವಲಂಬಿಯನ್ನು ಎದುರಿಸುವ ಸಹಜ ಶಕ್ತಿ ತಡವಾಗಿ ಬಂತು ಎಂಬುದು ಅದಕ್ಕೆ ಕೊಡುವ ವಿವರಣೆ. ಇದನ್ನು ಓದಿ ಲಸಿಕೆ ಬೇಡ ಅನ್ನಬೇಡಿ. ಆಫ್ರಿಕಾದಲ್ಲಿ ಮಲೇರಿಯಾಕ್ಕೆ ಬಲಿಯಾಗುವವರಲ್ಲಿ ಸುಮಾರು ಮುಕ್ಕಾಲು ಪಾಲು ಐದು ವರ್ಷದೊಳಗಿನವರು. ಆ ವಯಸ್ಸು ದಾಟಿಸುವುದೇ ದೊಡ್ಡದು. 2019ರಿಂದ ಘಾನಾ, ಕೀನ್ಯಾ, ಮಲಾವಿಗಳಲ್ಲಿ ಲಸಿಕೆ ಕೊಟ್ಟ ಪ್ರದೇಶಗಳಲ್ಲಿ, ಲಸಿಕೆಗೆ ಅರ್ಹ ವಯಸ್ಸಿನ ಮಕ್ಕಳ ಒಟ್ಟು ಸಾವು ಶೇ. 13ರಷ್ಟು ಇಳಿಯಿತು.

ಲಸಿಕೆ ಹಾಕಿಸಿದ ವಾರದಲ್ಲಿ ಜ್ವರ ಬರಬಹುದು, ಅಪರೂಪಕ್ಕೆ ಜ್ವರದ ಫಿಟ್ಸ್ ಕೂಡ. ಆ ದಿನಗಳಲ್ಲಿ ಮೈ ಬಿಸಿ ನೋಡುತ್ತಿರಿ. ಸೊಳ್ಳೆಪರದೆ ಒಂದು ರಾತ್ರಿಯೂ ಬಿಡಬೇಡಿ. ಯಾವಾಗ ಜ್ವರ ಬಂದರೂ "ಲಸಿಕೆ ಆಗಿದೆಯಲ್ಲ" ಅಂತ ಕಾಯದೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ.

ರಜೆಗೆ ಊರಿಗೆ ಬಂದಾಗ ಜ್ವರ ಬಂದರಂತೂ ಕಿಸುಮುವಿನಿಂದ ಬಂದಿದ್ದೇವೆ ಅಂತ ವೈದ್ಯರಿಗೆ ಮೊದಲೇ ಹೇಳಿ. ಮಲೇರಿಯಾ ಪರಾವಲಂಬಿಯಲ್ಲಿ ಬೇರೆ ಬೇರೆ ಜಾತಿಗಳಿವೆ. ನಮ್ಮ ಮಂಗಳೂರಲ್ಲಿ ಹೆಚ್ಚಾಗಿ ಕಾಣುವುದು ವೈವ್ಯಾಕ್ಸ್ ಎಂಬ ಜಾತಿ, ಅದನ್ನು ಈ ಲಸಿಕೆ ತಡೆಯುವುದಿಲ್ಲ. ನಿಮ್ಮಲ್ಲಿರುವುದು ಫಾಲ್ಸಿಪ್ಯಾರಮ್, ಔಷಧಿಯೇ ಬೇರೆ, ತಡಮಾಡುವ ಹಾಗಿಲ್ಲ.