ರನ್ ಆಸ್ ಅಡ್ಮಿನಿಸ್ಟ್ರೇಟರ್ ಬಿಡಿ, ಮೊದಲು ಕಂಪೈಲರ್ ಇರುವ ಜಾಗ ಬದಲಿಸಿ

ವಿಂಡೋಸ್‌ನಲ್ಲಿ ಸಿ ಪ್ರೋಗ್ರಾಂ ಕಂಪೈಲ್ ಆಗುತ್ತಿಲ್ಲ ಅಂತ ನೀವು ಹಾಕಿದ ಸ್ಕ್ರೀನ್‌ಶಾಟ್ ನೋಡಿದ ಕೂಡಲೇ ಕಾರಣ ಗೊತ್ತಾಯಿತು. ನಾನೂ ಶುರುವಿನಲ್ಲಿ ಇದೇ ದಾರಿ ಹಿಡಿದಿದ್ದೆ. ನಿಮ್ಮ ಮಿನ್‌ಜಿಡಬ್ಲ್ಯೂ (ವಿಂಡೋಸ್‌ಗೆ ಸಿಗುವ ಸಿ ಕಂಪೈಲರ್) ಪ್ರೋಗ್ರಾಂ ಫೈಲ್ಸ್ ಒಳಗಿದೆ. ನಿಮ್ಮ ಸಿ ಫೈಲುಗಳೂ ಅದರ ಬಿನ್ ಫೋಲ್ಡರ್‌ನಲ್ಲೇ ಇವೆ. ಹೊರಗಿನಿಂದ ಜಿಸಿಸಿ (ಆ ಕಂಪೈಲರ್ ಓಡಿಸುವ ಕಮಾಂಡ್) ಕೊಟ್ಟರೆ ಅಂಥ ಕಮಾಂಡೇ ಇಲ್ಲ ಅನ್ನುತ್ತದೆ. ಬಿನ್ ಒಳಗೆ ಹೋಗಿ ಕೊಟ್ಟರೆ ಪರ್ಮಿಷನ್ ಡಿನೈಡ್. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮಾತ್ರ ಕಂಪೈಲ್ ಆಗುತ್ತದೆ. ಇದಕ್ಕೆ ಯಾರೋ ಯುಎಸಿ (ಅಡ್ಮಿನ್ ಅಧಿಕಾರ ಕೊಡುವ ಮೊದಲು ನಿಮ್ಮನ್ನು ಕೇಳುವ ವಿಂಡೋಸ್ ವ್ಯವಸ್ಥೆ) ಆಫ್ ಮಾಡಿ, ಪ್ರೋಗ್ರಾಂ ಫೈಲ್ಸ್‌ನ ಓನರ್‌ಶಿಪ್ ತಗೊಳ್ಳಿ ಅಂದಿದ್ದಾರೆ. ದಯವಿಟ್ಟು ಎರಡನ್ನೂ ಮಾಡಬೇಡಿ.

ಇಲ್ಲಿ ಕೆಟ್ಟಿರುವುದು ಕಂಪೈಲರ್ ಅಲ್ಲ. ವಿಸ್ಟಾ ಕಾಲದಿಂದಲೂ ನಿಮ್ಮ ಅಕೌಂಟ್ ಅಡ್ಮಿನ್ ಆಗಿದ್ದರೂ ಪ್ರೋಗ್ರಾಂಗಳು ಸಾಮಾನ್ಯ ಯೂಸರ್ ಅನುಮತಿಯಲ್ಲೇ ಓಡುತ್ತವೆ. ಯುಎಸಿ ಕೇಳಿದಾಗ ಯೆಸ್ ಕೊಟ್ಟರೆ ಮಾತ್ರ ಪೂರ್ತಿ ಅಧಿಕಾರ ಸಿಗುತ್ತದೆ. ಸಾಮಾನ್ಯ ಯೂಸರ್ ಪ್ರೋಗ್ರಾಂ ಫೈಲ್ಸ್ ಒಳಗೆ ಓದಬಹುದು, ಬರೆಯುವ ಹಾಗಿಲ್ಲ. ನಿಮ್ಮ ಲಿಂಕರ್ (ಕಂಪೈಲ್ ಆದದ್ದನ್ನು ಜೋಡಿಸಿ ಓಡುವ ಪ್ರೋಗ್ರಾಂ ಮಾಡುವ ಭಾಗ) ಎಕ್ಸ್‌ಇ ಫೈಲನ್ನು ಅಲ್ಲೇ ಬರೆಯಲು ಹೋಗಿ ಬಾಗಿಲಲ್ಲೇ ನಿಲ್ಲುತ್ತಿದೆ, ಅಷ್ಟೇ. ಕೋಡನ್ನು ನಿಮ್ಮ ಸ್ವಂತ ಫೋಲ್ಡರ್‌ಗೆ ತಂದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಉಳಿದರ್ಧಕ್ಕೆ ನಾನು ಎಲ್ಲರಿಗೂ ಹೇಳುವುದು ಒಂದೇ: ಇನ್‌ಸ್ಟಾಲರ್ ಇಲ್ಲದ ಕಂಪೈಲರ್ ತಗೊಳ್ಳಿ. ವಿನ್‌ಲಿಬ್ಸ್‌ನ ಜಿಪ್ ಸಿಗುತ್ತದೆ, ಅದರಲ್ಲಿ 64 ಬಿಟ್, ಯುಸಿಆರ್‌ಟಿ (ವಿಂಡೋಸ್‌ನ ಈಗಿನ ಸಿ ಲೈಬ್ರರಿ) ಇರುವುದನ್ನು ಆರಿಸಿ. ಸಿ ಡ್ರೈವ್‌ನಲ್ಲಿ ನೇರವಾಗಿ ಟೂಲ್ಸ್ ಅಂತ ಒಂದು ಫೋಲ್ಡರ್ ಮಾಡಿ ಅಲ್ಲಿ ಬಿಚ್ಚಿ. ಹೆಸರಿನಲ್ಲಿ ಸ್ಪೇಸ್ ಬೇಡ, ಕನ್ನಡ ಅಕ್ಷರ ಬೇಡ. ಹಳೆಯ ಮೇಕ್‌ಫೈಲ್‌ಗಳು (ಕಂಪೈಲ್ ಮಾಡುವ ಸೂಚನೆಗಳಿರುವ ಫೈಲುಗಳು) ಸ್ಪೇಸ್ ಕಂಡರೆ ಎಡವುತ್ತವೆ. ಅಡ್ಮಿನ್ ಪಾಸ್‌ವರ್ಡ್ ಎಲ್ಲೂ ಕೇಳುವುದಿಲ್ಲ. ಬೇಡವಾದಾಗ ಫೋಲ್ಡರ್ ಡಿಲೀಟ್ ಮಾಡಿ, ಪಾತ್‌ನಿಂದ (ಕಮಾಂಡ್‌ಗಳನ್ನು ಹುಡುಕಬೇಕಾದ ಫೋಲ್ಡರ್‌ಗಳ ಪಟ್ಟಿ) ಒಂದು ಸಾಲು ತೆಗೆದರೆ ಮುಗಿಯಿತು. ಕೆಲವು ಆಫೀಸ್ ಕಂಪ್ಯೂಟರ್‌ಗಳಲ್ಲಿ ಸಿ ಡ್ರೈವ್‌ಗೂ ಬೀಗ ಹಾಕಿರುತ್ತಾರೆ, ಆಗ ನಿಮ್ಮ ಯೂಸರ್ ಫೋಲ್ಡರ್ ಒಳಗೇ ಇಡಿ.

ಆಮೇಲೆ ಪಾತ್. ಸ್ಟಾರ್ಟ್ ಮೆನುವಿನಲ್ಲಿ ಎನ್ವಿರಾನ್‌ಮೆಂಟ್ ಅಂತ ಟೈಪ್ ಮಾಡಿದರೆ ಎರಡು ಆಯ್ಕೆ ಬರುತ್ತವೆ. ನಿಮ್ಮ ಅಕೌಂಟ್‌ಗೆ ಅಂತ ಇರುವುದನ್ನೇ ತೆರೆಯಿರಿ. ಮೇಲಿನ ಭಾಗದ ಪಾತ್‌ಗೆ ಹೊಸ ಕಂಪೈಲರ್‌ನ ಬಿನ್ ಫೋಲ್ಡರ್ ಸೇರಿಸಿ. ಓಕೆ ಕೊಟ್ಟು, ತೆರೆದಿರುವ ಪ್ರಾಂಪ್ಟ್ ಮುಚ್ಚಿ ಹೊಸದು ತೆರೆಯಿರಿ. ಹಳೆಯ ಪ್ರಾಂಪ್ಟ್‌ಗೆ ಹೊಸ ಪಾತ್ ಗೊತ್ತಾಗುವುದಿಲ್ಲ. ವಿಎಸ್ ಕೋಡ್ (ಕೋಡ್ ಬರೆಯುವ ಎಡಿಟರ್) ತೆರೆದಿದ್ದರೆ ಅದರ ಟರ್ಮಿನಲ್ ಮಾತ್ರ ಅಲ್ಲ, ಪೂರ್ತಿ ವಿಎಸ್ ಕೋಡನ್ನೇ ಮುಚ್ಚಿ ತೆರೆಯಬೇಕು.

ಸೆಟ್‌ಎಕ್ಸ್ ಕಮಾಂಡ್‌ನಿಂದ ಪಾತ್ ಸೇರಿಸಿ ಅಂತ ಹೇಳುವವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ಒಂದೇ ಸಾಲು, ಕಾಪಿ ಪೇಸ್ಟ್ ಮಾಡಿ ಅನ್ನುತ್ತಾರೆ. ಆ ಸಾಲು ಏನು ಮಾಡುತ್ತದೆ ಗೊತ್ತಾ? ಸಿಸ್ಟಮ್ ಪಾತ್ (ಎಲ್ಲ ಯೂಸರ್‌ಗಳದ್ದು), ಯೂಸರ್ ಪಾತ್ (ನಿಮ್ಮೊಬ್ಬರದ್ದು) ಎರಡನ್ನೂ ಒಟ್ಟು ಸೇರಿಸಿ ನಿಮ್ಮ ಯೂಸರ್ ಪಾತ್‌ಗೆ ಸುರಿಯುತ್ತದೆ. 1024 ಅಕ್ಷರ ದಾಟಿದರೆ ಉಳಿದದ್ದನ್ನು ಕತ್ತರಿಸಿಬಿಡುತ್ತದೆ. ನೀವು ಸೇರಿಸಲು ಹೊರಟಿದ್ದು ಕೊನೆಯಲ್ಲಿ ತಾನೇ ಇರುವುದು, ಹಾಗಾಗಿ ಮೊದಲು ಹೋಗುವುದೇ ಅದು. ಅಡ್ಮಿನ್ ಪ್ರಾಂಪ್ಟ್‌ನಲ್ಲಿ ಎಂ ಸ್ವಿಚ್ (/M) ಹಾಕಿ ಕೊಟ್ಟರಂತೂ ಎಲ್ಲ ಯೂಸರ್‌ಗಳ ಸಿಸ್ಟಮ್ ಪಾತೇ ತುಂಡಾಗುತ್ತದೆ. ಈಗಾಗಲೇ ಹಾಗೆ ಆಗಿದ್ದರೆ, ಆ ಮೊದಲೇ ತೆರೆದಿದ್ದ ಪ್ರಾಂಪ್ಟ್ ಯಾವುದನ್ನೂ ಮುಚ್ಚಬೇಡಿ. ಅದರಲ್ಲಿ ಹಳೆಯ ಪಾತ್ ಇನ್ನೂ ಇರುತ್ತದೆ. ಎಕೋ ಮಾಡಿ (echo %PATH%) ಕಾಪಿ ಮಾಡಿಕೊಳ್ಳಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಹೊಳೆಯುವುದಿಲ್ಲ. ನಿಮ್ಮದು ಸಾಮಾನ್ಯ ಅಕೌಂಟ್ ಆಗಿದ್ದು, ಯುಎಸಿ ಕೇಳಿದಾಗ ಮನೆಯ ಬೇರೆಯವರ ಅಡ್ಮಿನ್ ಪಾಸ್‌ವರ್ಡ್ ಕೊಟ್ಟರೆ, ಆ ಪ್ರೋಗ್ರಾಂ ಅವರ ಹೆಸರಿನಲ್ಲಿ ಓಡುತ್ತದೆ. ಅಲ್ಲಿ ಬದಲಿಸಿದ ಯೂಸರ್ ಪಾತ್ ಅವರದು, ನಿಮ್ಮದಲ್ಲ. ಎಲ್ಲ ಸರಿಯಾಗಿ ಮಾಡಿದೆ, ಆದರೂ ಜಿಸಿಸಿ ಸಿಗುತ್ತಿಲ್ಲ ಅನ್ನುವವರು ಮೊದಲು ಇದನ್ನು ನೋಡಿ. ಅನುಮಾನ ಬಂದರೆ ಹೂಆಮ್‌ಐ (whoami) ಕೊಟ್ಟರೆ ಯಾರ ಹೆಸರಲ್ಲಿ ಓಡುತ್ತಿದೆ ಅಂತ ಹೇಳುತ್ತದೆ. ಅಡ್ಮಿನ್ ಪ್ರಾಂಪ್ಟ್ ಸಾಮಾನ್ಯವಾಗಿ ಸಿಸ್ಟಮ್32 ಒಳಗೆ ತೆರೆಯುತ್ತದೆ ಅನ್ನುವುದೂ ನೆನಪಿರಲಿ. ನೋಡದೆ ಕಂಪೈಲ್ ಮಾಡಿದರೆ ನಿಮ್ಮ ಎಕ್ಸ್‌ಇ ವಿಂಡೋಸ್‌ನ ಫೈಲುಗಳ ನಡುವೆ ಹೋಗಿ ಕೂರುತ್ತದೆ.

ಇಷ್ಟಾದ ಮೇಲೂ ಪರ್ಮಿಷನ್ ಡಿನೈಡ್ ಬಂದರೆ? ಜಾಸ್ತಿ ಸಲ ನಿಮ್ಮ ಹಿಂದಿನ ಪ್ರೋಗ್ರಾಂ ಇನ್ನೂ ಓಡುತ್ತಿರುತ್ತದೆ. ಓಡುತ್ತಿರುವ ಎಕ್ಸ್‌ಇ ಮೇಲೆ ಲಿಂಕರ್ ಬರೆಯಲಾರದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಂಡ್ ಮಾಡಿ. ಅದೂ ಅಲ್ಲದಿದ್ದರೆ ಆಂಟಿವೈರಸ್ ಹಿಡಿದಿರಬಹುದು. ಡಿಫೆಂಡರ್‌ನ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಇದ್ದರೆ ಡಾಕ್ಯುಮೆಂಟ್ಸ್‌ನಂಥ ಫೋಲ್ಡರ್‌ಗಳ ಒಳಗೆ ಬರೆಯುವುದನ್ನು ತಡೆಯುತ್ತದೆ. ಆಂಟಿವೈರಸ್ಸನ್ನೇ ಆಫ್ ಮಾಡಬೇಡಿ, ಕೋಡ್ ಫೋಲ್ಡರನ್ನು ಬೇರೆ ಕಡೆ ಇಡಿ.

ಬೇರೆಯವರು ಕೇಳಿದ್ದಕ್ಕೂ ಇಲ್ಲೇ ಹೇಳಿಬಿಡುತ್ತೇನೆ. ಟರ್ಬೊ ಸಿ ಬೇಡ. ಅದು 16 ಬಿಟ್ ಕಾಲದ್ದು, 64 ಬಿಟ್ ವಿಂಡೋಸ್‌ನಲ್ಲಿ ಡಾಸ್‌ಬಾಕ್ಸ್‌ನಂಥ, ಹಳೆಯ ಡಾಸ್ ಕಂಪ್ಯೂಟರನ್ನು ಅನುಕರಿಸುವ ಪ್ರೋಗ್ರಾಂ ಇಲ್ಲದೆ ಓಡುವುದೇ ಇಲ್ಲ. ಸಿಲಬಸ್‌ನಲ್ಲಿ ಇದೆ ಅಂದರೆ ಲ್ಯಾಬ್‌ನಲ್ಲಿ ಮಾತ್ರ ಬಳಸಿ. ಲೈಬ್ರರಿಗಳು ಬೇಕಿದ್ದರೆ ಎಂಸಿಸ್2 (MSYS2, ಕಂಪೈಲರ್ ಜೊತೆ ಲೈಬ್ರರಿಗಳನ್ನೂ ಕೊಡುವ ಪ್ಯಾಕೇಜ್) ಚೆನ್ನಾಗಿದೆ. ಆದರೆ ಅದರ ಯುಸಿಆರ್‌ಟಿ64 ಒಳಗಿನ ಬಿನ್ ಮಾತ್ರ ಪಾತ್‌ಗೆ ಹಾಕಿ. ಯುಎಸ್‌ಆರ್ ಬಿನ್ ಹಾಕಿದರೆ ವಿಂಡೋಸ್‌ನ ಕಮಾಂಡ್‌ಗಳ ಜೊತೆ ಗೊಂದಲ. ವಿಷುವಲ್ ಸ್ಟುಡಿಯೋಗೆ ಮಾತ್ರ ಇನ್‌ಸ್ಟಾಲ್ ಮಾಡುವಾಗ ಅಡ್ಮಿನ್ ಬೇಕೇ ಬೇಕು. ಅದರ ಸಿಎಲ್ ಕಂಪೈಲರ್ ಮಾಮೂಲಿ ಪ್ರಾಂಪ್ಟ್‌ನಲ್ಲಿ ಸಿಗುವುದಿಲ್ಲ, ಡೆವಲಪರ್ ಕಮಾಂಡ್ ಪ್ರಾಂಪ್ಟ್ ತೆರೆಯಬೇಕು. ಲಿನಕ್ಸ್‌ನವರೂ ಕೇಳಿ: ಸುಡೊ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಿ ಕಂಪೈಲ್ ಮಾಡಬೇಡಿ. ಫೈಲ್ ರೂಟ್ (ಲಿನಕ್ಸ್‌ನ ಅಡ್ಮಿನ್) ಹೆಸರಿಗೆ ಹೋಗುತ್ತದೆ, ಮುಂದೆ ಅನುಮತಿಯ ತಕರಾರು ಬರಬಹುದು.

ಈಗ ಹೊಸ ಪ್ರಾಂಪ್ಟ್ ತೆರೆದು ವೇರ್ ಜಿಸಿಸಿ (where gcc) ಕೊಡಿ. ಎರಡು ಸಾಲು ಬಂದರೆ ಮೊದಲನೆಯದೇ ಓಡುತ್ತದೆ. ಸಿಸ್ಟಮ್ ಪಾತ್ ಯಾವಾಗಲೂ ಯೂಸರ್ ಪಾತ್‌ಗಿಂತ ಮುಂದೆ ಇರುವುದರಿಂದ, ಅದರಲ್ಲಿ ಬೇರೆ ಜಿಸಿಸಿ ಇದ್ದರೆ ಅದೇ ಗೆಲ್ಲುತ್ತದೆ. ಸ್ಟ್ರಾಬೆರಿ ಪರ್ಲ್ (ಪರ್ಲ್ ಭಾಷೆಯ ವಿಂಡೋಸ್ ಪ್ಯಾಕೇಜ್) ಇದ್ದರೆ ಅದೂ ತನ್ನದೇ ಜಿಸಿಸಿ ತಂದಿರುತ್ತದೆ. ಬಂದ ಸಾಲುಗಳನ್ನು ಹಾಗೆಯೇ ಇಲ್ಲಿ ಹಾಕಿ, ಯಾವುದನ್ನು ತೆಗೆಯಬೇಕು ಅಂತ ಹೇಳುತ್ತೇನೆ. ಅಲ್ಲಿಯವರೆಗೆ ಯುಎಸಿ ಮುಟ್ಟಬೇಡಿ.