ರೋಲ್ ಟಾಪ್ ಬ್ಯಾಗ್ ಒಳಗೂ ಬಟ್ಟೆ ಒದ್ದೆ ಆಯ್ತು ಅಂದವರಿಗೆ

ಕುದುರೆಮುಖದ ಮಳೆಲಿ ಬಾಯಿ ಸುತ್ತಿ ಮುಚ್ಚೋ ರೋಲ್ ಟಾಪ್ ವಾಟರ್‌ಪ್ರೂಫ್ ಬ್ಯಾಗ್ ಇದ್ರೂ ಬಟ್ಟೆ ಒದ್ದೆ ಆಯ್ತು, ಬ್ಯಾಗ್ ತೂತಾಗಿದ್ಯಾ ಅಂತ ಕೇಳಿದ್ರಲ್ಲ, ಅದನ್ನ ಚೆಕ್ ಮಾಡೋದು ಸುಲಭ. ಖಾಲಿ ಬ್ಯಾಗಲ್ಲಿ ಗಾಳಿ ಹಿಡಿದು ಬಾಯಿ ಸುತ್ತಿ ಕ್ಲಿಪ್ ಹಾಕಿ ಟಬ್ ನೀರಲ್ಲಿ ಒತ್ತಿ ಹಿಡೀರಿ, ಗುಳ್ಳೆ ಹೊಲಿಗೆ ಹತ್ರ ಬಂದ್ರೆ ಹೊಲಿಗೆ ಮುಚ್ಚೋಕೆ ಅಂಟಿಸಿರೋ ಸೀಮ್ ಟೇಪ್ ಬಿಟ್ಟಿದೆ ಅಂತ, ಬಾಯಿ ಹತ್ರ ಬಂದ್ರೆ ಸುತ್ತಿದ್ದು ಸಾಲ್ದು. ಕನಿಷ್ಠ 3 ಸುತ್ತು ಬೇಕು, ಅದೂ ಸುಕ್ಕಿಲ್ದಂಗೆ ಬಿಗಿಯಾಗಿ, ಅದಕ್ಕೇ ಬ್ಯಾಗನ್ನ ಬಾಯಿವರೆಗೂ ತುಂಬಬೇಡಿ.

ಆದ್ರೆ ನಂಗನ್ಸೋದು, ತುಂಬಾ ಸಲ ನೀರನ್ನ ನಾವೇ ಒಳಗೆ ಹಾಕ್ಕೊಂಡಿರ್ತೀವಿ. ನೆನೆದ ರೇನ್‌ಕೋಟು, ಹಳ್ಳ ದಾಟಿದ ಸಾಕ್ಸು ಒಳಗೆ ತುರುಕಿದ್ರೆ ಆ ತೇವ ಹೊರಗೆ ಹೋಗೋಕೆ ದಾರಿನೇ ಇಲ್ಲ, ಒಣಗಿದ ಬಟ್ಟೆನೂ ಹೀರ್ಕೊಳ್ಳತ್ತೆ! ಒದ್ದೆದೆಲ್ಲ ಹೊರಗಿನ ಜಾಲರಿ ಪಾಕೆಟ್‌ಗೆ ಹಾಕಿ. ರಾತ್ರಿ ಹಾಕ್ಕೊಳೋ ಬಟ್ಟೆ, ಸ್ಲೀಪಿಂಗ್ ಬ್ಯಾಗ್ ದಪ್ಪ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ತಳಕ್ಕಿಡಿ. ತಿಂಡಿ, ಇಂಬಳಕ್ಕೆ ಬೇಕಾದ ಉಪ್ಪು ಡಬ್ಬಿಲಿ ಹಾಕಿ ಹೊರಗಿನ ಪಾಕೆಟಲ್ಲೇ ಇರ್ಲಿ, ಮಳೆ ಸುರೀವಾಗ ಮೇನ್ ಬಾಯಿ ಬಿಚ್ಚೋದೇ ಬೇಡ.

ಮನೆಗೆ ಬಂದ್ಮೇಲೆ ವಾಷಿಂಗ್ ಮೆಷಿನ್‌ಗೆ ಹಾಕ್ಬೇಡಿ, ಉರಿ ಬಿಸಿಲಿಗೂ ಬೇಡ, ಕೋಟಿಂಗ್ ಹಾಳಾಗತ್ತೆ. ಬಟ್ಟೆಲಿ ಒರೆಸಿ, ಬಾಯಿ ಬಿಚ್ಚಿ ನೆರಳಲ್ಲಿ ತಲೆಕೆಳಗಾಗಿ ನೇತಾಕಿ.